ಹೇರೆತ್ತಿನ ದಾರಿಯ ಸಂತ ಸೇವಾಲಾಲರು



ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಮಹಾಪುರುಷರ ಜೀವನ ಚರಿತ್ರೆ ಬರೆದುಕೊಂಡು ಬನ್ನಿ ಅಂತ ಮೇಷ್ಟ್ರು ಹೇಳಿದರು. ಗಾಂಧೀಜಿ, ಬಸವಣ್ಣ, ವಿವೇಕಾನಂದ, ಕಿತ್ತೂರು ಚೆನ್ನಮ್ಮ ಇವರನ್ನೆಲ್ಲಾ ಬೇರೆಯವರು ಮೊದಲೇ ಹಿಡಿದುಬಿಟ್ಟರು. ನಾನು ಎದ್ದು ನಿಂತು, ಸಂತ ಸೇವಾಲಾಲರ ಬಗ್ಗೆ ಬರೀತೀನಿ ಸಾರ್ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ, ಅವರು ಯಾವ ರಾಜ್ಯದವರೋ ಅಂತ ಕೇಳಿದ. ನಮ್ಮ ದಾವಣಗೆರೆ ಜಿಲ್ಲೆಯವರೇ, ನ್ಯಾಮತಿ ಕಡೆ ಹುಟ್ಟಿದವರು ಅಂದಾಗ ಅರ್ಧ ಕ್ಲಾಸು ನಂಬಲಿಲ್ಲ. ಇಷ್ಟು ಹತ್ತಿರ ಹುಟ್ಟಿದ ದೊಡ್ಡವರು ನಮಗೇ ಗೊತ್ತಿಲ್ಲ ಅಂದ್ರೆ ಹೇಗೆ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೇವಾಲಾಲರು 1739ನೇ ಇಸವಿ ಫೆಬ್ರವರಿ 15ರಂದು ಸೂರಗೊಂಡನಕೊಪ್ಪದಲ್ಲಿ ಜನಿಸಿದರು. ಈ ಊರು ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದೆ. ಅವರ ತಂದೆ ಭೀಮಾನಾಯಕ, ತಾಯಿ ಧರ್ಮಣಿಬಾಯಿ. ಬಂಜಾರರು, ಅಂದರೆ ಲಂಬಾಣಿ ಜನರಾದ ನಾವು ಅವರನ್ನು ಸೇವಾಭಾಯಾ ಅಂತ ಕರೆಯುತ್ತೇವೆ. ನಮ್ಮ ಮಾತಿನಲ್ಲಿ ಭಾಯಾ ಅಂದರೆ ಅಣ್ಣ. ಆದ್ದರಿಂದ ಅವರು ಹುಟ್ಟಿದ ಜಾಗಕ್ಕೆ ಭಾಯಾಗಡ ಅಂತಲೂ ಹೆಸರು ಬಂದಿದೆ.

ಆ ಕಾಲದಲ್ಲಿ ನಮ್ಮ ಸೀಮೆ ಕೆಳದಿ ಅರಸರ ಆಡಳಿತದಲ್ಲಿತ್ತು. ನಮ್ಮ ಚನ್ನಗಿರಿಗೆ ಹೆಸರು ಬಂದಿದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಅಂತ ನಾವು ಪಾಠದಲ್ಲಿ ಓದಿದ್ದೇವೆ. ಸೇವಾಲಾಲರು ಹುಟ್ಟುವ ಹೊತ್ತಿಗೆ ಆ ರಾಣಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಮುಂದೆ 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡ. ಹೀಗೆ ಯುದ್ಧದ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಸೇವಾಲಾಲರ ಮನೆಯವರು ಏನು ಕೆಲಸ ಮಾಡುತ್ತಿದ್ದರು ಗೊತ್ತೇ? ಊರಿಂದೂರಿಗೆ ನಡೆಯುವುದೇ ಅವರ ಕೆಲಸ.

ಆಗ ಲಾರಿ ಇಲ್ಲ, ರೈಲು ಇಲ್ಲ. ಕಾಡು ಮತ್ತು ಘಟ್ಟದ ದಾರಿಯಲ್ಲಿ ಗಾಡಿಯೂ ಹೋಗುತ್ತಿರಲಿಲ್ಲ. ಸಮುದ್ರದ ಕಡೆಯಿಂದ ಉಪ್ಪು ಒಳನಾಡಿಗೆ ಬರಬೇಕು, ಒಳನಾಡಿನ ಜೋಳ, ಗೋಧಿ, ಬೇಳೆ ಬೇರೆ ಕಡೆ ಹೋಗಬೇಕು. ಇದನ್ನೆಲ್ಲಾ ಎತ್ತಿನ ಬೆನ್ನಿನ ಮೇಲೆ ಹೇರಿ ಸಾಗಿಸುತ್ತಿದ್ದವರು ಬಂಜಾರರು. ಉಪ್ಪಿಗೆ ಲವಣ ಅನ್ನುತ್ತಾರಲ್ಲ, ಅದರಿಂದಲೇ ಲಂಬಾಣಿ ಅನ್ನೋ ಹೆಸರು ಬಂತು ಅಂತಲೂ ಹೇಳುತ್ತಾರೆ. ಒಟ್ಟಿಗೆ ನಡೆಯುವ ಎತ್ತು, ಜನ, ಮಕ್ಕಳು, ನಾಯಿ ಎಲ್ಲಾ ಸೇರಿ ಒಂದು ತಾಂಡಾ. ಈಗ ತಾಂಡಾ ಅಂದರೆ ಒಂದು ಕಡೆ ನಿಂತ ಊರು. ಆಗ ಅದು ನಡೆಯುವ ಊರು! ನಾಯಕ, ಡಾವ, ಕಾರಭಾರಿ ಅಂತ ಹಿರಿಯರು ಅದನ್ನು ನಡೆಸುತ್ತಿದ್ದರು. ಸೇವಾಲಾಲರ ತಂದೆ ಭೀಮಾನಾಯಕರು ಸಾವಿರಾರು ದನಗಳಿದ್ದ ದೊಡ್ಡ ತಾಂಡಾದ ನಾಯಕರಾಗಿದ್ದರಂತೆ.

ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳಿದ್ದ ಒಂದು ತಾಂಡಾವನ್ನು ನೋಡಿ ಬರೆದಿಟ್ಟಿದ್ದಾನೆ. ಇದು ಸೇವಾಲಾಲರು ಹುಟ್ಟುವುದಕ್ಕೆ ನೂರು ವರ್ಷ ಹಿಂದಿನ ಮಾತು. ತಾಂಡಾ ದಿನಕ್ಕೆ 6-7 ಮೈಲಿ ಮಾತ್ರ ನಡೆಯುತ್ತಿತ್ತಂತೆ. ಅಂದರೆ ಸುಮಾರು 10 ಕಿಲೋಮೀಟರು. ಇಷ್ಟೇನಾ ಅಂತ ನನಗೆ ಮೊದಲು ಅನ್ನಿಸಿತು. ಆಮೇಲೆ ಮೇಷ್ಟ್ರು ಬಿಡಿಸಿ ಹೇಳಿದರು. ಎತ್ತು ಮೇಯಬೇಕು, ನೀರು ಕುಡಿಯಬೇಕು, ಎಲ್ಲಾ ಹೇರು ಇಳಿಸಿ ಮತ್ತೆ ಏರಿಸಬೇಕು. ದಾರಿಯಲ್ಲೇ ಮಗು ಹುಟ್ಟಿದರೆ ಅದನ್ನೂ ಎತ್ತಿಕೊಂಡು ನಡೆಯಬೇಕು. ಓಡಿದವರು ನಾಲ್ಕು ದಿನದಲ್ಲಿ ಸುಸ್ತಾಗುತ್ತಾರೆ, ಮೆಲ್ಲಗೆ ನಡೆದವರು ದೇಶ ದಾಟುತ್ತಾರೆ.

ಹೋದ ಫೆಬ್ರವರಿಯಲ್ಲಿ ನಾನು ನಮ್ಮ ಕಾಕಾನ ಜೊತೆ ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದುಕೊಂಡು ಹೋಗಿದ್ದೆ. ಪ್ರತಿ ವರ್ಷ ಫೆಬ್ರವರಿ 15ರ ಜಾತ್ರೆಗೆ ಮಾಲೆ ಹಾಕಿದ ಭಕ್ತರು ದೂರ ದೂರದ ತಾಂಡಾಗಳಿಂದ ಪಾದಯಾತ್ರೆ ಬರುತ್ತಾರೆ. ನಮ್ಮದು ಚನ್ನಗಿರಿ ತಾಲ್ಲೂಕಾದ್ದರಿಂದ ನಮಗೆ ಮೂರು ಹಗಲು ಎರಡು ರಾತ್ರಿ ಸಾಕಾಯಿತು. ನಾನು ನನ್ನ ಶಾಲೆ ಬ್ಯಾಗಿನಲ್ಲಿ ಮೂರು ಜೊತೆ ಬಟ್ಟೆ, ದಪ್ಪ ಕಂಬಳಿ, ಎರಡು ಸ್ಟೀಲ್ ಡಬ್ಬಿ, ದೊಡ್ಡ ಟಾರ್ಚು, ಎರಡು ಬಾಟಲಿ ನೀರು, ಚೆಂಡು ಎಲ್ಲಾ ತುಂಬಿಕೊಂಡಿದ್ದೆ. ಕಾಕಾನ ಹತ್ತಿರ ಹೆಗಲಿಗೆ ಒಂದು ಚೀಲ ಬಿಟ್ಟರೆ ಏನೂ ಇಲ್ಲ. ಮೊದಲ ದಿನ ಮಧ್ಯಾಹ್ನಕ್ಕೇ ನನ್ನ ಎರಡೂ ಹೆಗಲು ಕೆಂಪಗಾದವು, ಬಲಗಾಲಿನಲ್ಲಿ ಬೊಬ್ಬೆ ಎದ್ದಿತು. ಅಳು ಬಂತು, ಆದರೆ ಅಳಲಿಲ್ಲ.

ರಾತ್ರಿ ಉಳಿದ ಜಾಗದಲ್ಲಿ ನಮ್ಮ ದಾದಿ, ಅಂದರೆ ಅಪ್ಪನ ಅಮ್ಮ, ನನ್ನ ಬ್ಯಾಗನ್ನು ನೆಲಕ್ಕೆ ಸುರಿದಳು. ಒಂದೊಂದೇ ಸಾಮಾನು ಎತ್ತಿ ತೋರಿಸಿ, ಇದು ನಾಳೆ ಬೇಕಾ ಅಂತ ಕೇಳಿದಳು. ಬೇಡದ್ದನ್ನು ವಾಪಸ್ ಹೋಗುವ ಒಂದು ಟ್ರ್ಯಾಕ್ಟರಿನಲ್ಲಿ ಮನೆಗೆ ಕಳಿಸಿದಳು. ಉಳಿದಿದ್ದು ಒಂದು ಜೊತೆ ಬಟ್ಟೆ, ಹಳೆ ಸೀರೆಯ ತೆಳ್ಳನೆ ಕೌದಿ, ಒಂದು ಬಾಟಲಿ, ರೊಟ್ಟಿ ಕಟ್ಟಿದ ಬಟ್ಟೆ. ಆಮೇಲೆ ಅವಳು ಹೇರು ಕಟ್ಟುವ ಪಾಠ ಹೇಳಿಕೊಟ್ಟಳು. ಭಾರದ್ದು ಬೆನ್ನಿಗೆ ಅಂಟಿಕೊಂಡಿರಬೇಕು, ಹಗುರದ್ದು ಹೊರಗಿರಬೇಕು, ಎಡಕ್ಕೂ ಬಲಕ್ಕೂ ತೂಕ ಸಮ ಇರಬೇಕು. ಮಾರನೇ ದಿನ ನಾನು ಕಾಕಾನಿಗಿಂತ ಮುಂದೆ ನಡೆದೆ.

ಈ ಪಾಠ ಸೇವಾಲಾಲರ ಕಾಲದ್ದೇ ಅಂತೆ. ಅವರ ತಾಂಡಾದಲ್ಲಿ ಎತ್ತಿನ ಬೆನ್ನಿಗೆ ಮೊದಲು ಮೆತ್ತೆ ಹಾಕಿ, ಅದರ ಮೇಲೆ ಎರಡು ಬಾಯಿಯ ಗೋಣಿಯನ್ನು ಅಡ್ಡ ಹಾಕುತ್ತಿದ್ದರು. ಎರಡೂ ಕಡೆ ಸಮ ಕಾಳು ತುಂಬಬೇಕು. ಒಂದು ಕಡೆ ಜಾಸ್ತಿಯಾದರೆ ಎತ್ತಿನ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದ ಎತ್ತು ಕುಂಟುತ್ತದೆ. ಒಂದು ಎತ್ತು ಸುಮಾರು ನೂರು ಕಿಲೋ ಹೊರುತ್ತಿತ್ತು. ಅಷ್ಟನ್ನೂ ವ್ಯಾಪಾರದ ಸಾಮಾನಿಗೇ ಕೊಡಬೇಕು. ಮನೆ ಸಾಮಾನು ಹೆಚ್ಚಾದಷ್ಟೂ ವ್ಯಾಪಾರ ಕಡಿಮೆ. ಹೀಗಾಗಿ ಅವರ ಮನೆ ಬಹಳ ಹಗುರ. ನಾಲ್ಕು ಕೋಲು, ಒಂದು ಡೇರೆ ಬಟ್ಟೆ, ಎರಡು ಮೂರು ಪಾತ್ರೆ, ಕೌದಿ, ಬೀಸುವ ಕಲ್ಲು, ಇಷ್ಟೇ. ರಾತ್ರಿ ಇಳಿದಾಗ ಗೋಣಿಗಳನ್ನೇ ಒಂದರ ಮೇಲೊಂದು ಪೇರಿಸಿದರೆ ಅದೇ ಗೋಡೆ, ಅದರ ಮೇಲೆ ಬಟ್ಟೆ ಎಳೆದರೆ ಅದೇ ಮನೆ. ಗಾಳಿಗೂ ಅಡ್ಡ, ಕಳ್ಳರಿಗೂ ಅಡ್ಡ. ಸುತ್ತಲೂ ನಾಯಿಗಳ ಕಾವಲು. ಬೆಳಿಗ್ಗೆ ಅದೇ ಗೋಡೆ ಎತ್ತಿನ ಬೆನ್ನೇರುತ್ತಿತ್ತು.

ಲಂಬಾಣಿ ಹೆಂಗಸರ ಕಸೂತಿಯೂ ಇಲ್ಲಿಂದಲೇ ಬಂತು ಅಂತ ದಾದಿ ಹೇಳುತ್ತಾಳೆ. ಹರಿದ ಬಟ್ಟೆಯ ಚೂರನ್ನು ಬಿಸಾಡುವುದಿಲ್ಲ, ಪದರ ಪದರ ಇಟ್ಟು ಹೊಲಿದು ಗಟ್ಟಿ ಚೀಲ ಮಾಡುತ್ತಾರೆ. ಅಂದಕ್ಕೆ ಕನ್ನಡಿ ಚೂರು, ಕವಡೆ ಸೇರಿಸುತ್ತಾರೆ. ಸಂಡೂರಿನ ಲಂಬಾಣಿ ಕಸೂತಿ ಈಗ ಹೊರದೇಶಕ್ಕೂ ಗೊತ್ತು. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ಈಗ ಸೇವಾಲಾಲರ ಬಾಲ್ಯಕ್ಕೆ ಬರುತ್ತೇನೆ. ಅವರು ಹುಡುಗರಾಗಿದ್ದಾಗ ನಮ್ಮ ವಯಸ್ಸಿನಲ್ಲೇ ದನ ಕಾಯುತ್ತಿದ್ದರು. ಒಂದು ದಿನ ಜೊತೆಯ ಹುಡುಗರಿಗೆ ಹಸಿವಾಯಿತು. ಸೇವಾಲಾಲರು ಹಸಿ ಮಣ್ಣನ್ನು ಕಲಸಿ ಎಲೆಯ ಮೇಲೆ ಇಟ್ಟರಂತೆ, ಅದು ಸಿಹಿ ಸಿರಾ ಆಯಿತಂತೆ. ಇದು ನಡೆದ ಇತಿಹಾಸ ಅಲ್ಲ, ಜನ ಕಟ್ಟಿದ ಕಥೆ ಅಂತ ಮೇಷ್ಟ್ರು ಹೇಳಿದರು. ದಾದಿ ಮಾತ್ರ ನಿಜವೇ ಅನ್ನುತ್ತಾಳೆ. ನಾನು ಎರಡನ್ನೂ ಬರೆದಿದ್ದೇನೆ. ನನಗೆ ಅನ್ನಿಸುವುದು ಏನೆಂದರೆ, ಬುತ್ತಿ ಖಾಲಿಯಾದ ದಾರಿಯಲ್ಲಿ ಜೊತೆಯವರನ್ನು ಉಪವಾಸ ಬಿಡದವನನ್ನೇ ಜನ ದೊಡ್ಡವನು ಅಂತ ನೆನಪಿಟ್ಟುಕೊಂಡರು.

ಭೀಮಾನಾಯಕರಿಗೆ ಬಹಳ ದಿನ ಮಕ್ಕಳಿರಲಿಲ್ಲ, ಮರಿಯಮ್ಮ ದೇವಿಯ ವರದಿಂದ ಸೇವಾಲಾಲರು ಹುಟ್ಟಿದರು ಅಂತ ಹಾಡುಗಳಲ್ಲಿ ಬರುತ್ತದೆ. ದೇವಿ ಅವರನ್ನು ತನ್ನ ಭಕ್ತನಾಗು ಅಂತ ಕರೆದಳಂತೆ. ಪ್ರಾಣಿ ಬಲಿ ಕೊಡುವುದು ತನ್ನಿಂದ ಆಗದು ಅಂತ ಅವರು ಬಹಳ ಕಾಲ ಒಪ್ಪಲಿಲ್ಲವಂತೆ. ಕೊನೆಗೆ ದೇವಿಯೇ ಅವರ ಮಾತಿಗೆ ಒಪ್ಪಿದಳಂತೆ. ಈಗಲೂ ಸೇವಾಲಾಲರಿಗೆ ಸಿಹಿಯ ಭೋಗವನ್ನೇ ಕೊಡುತ್ತಾರೆ. ಸೂರಗೊಂಡನಕೊಪ್ಪದಲ್ಲಿ ಮರಿಯಮ್ಮನ ಗುಡಿಯೂ ಸೇವಾಲಾಲರ ಗುಡಿಯೂ ಇವೆ. ಅವರು ಮದುವೆಯಾಗಲಿಲ್ಲ. ತೋಳಾರಾಮ ಎಂಬ ಕುದುರೆ ಏರಿ ತಾಂಡಾದಿಂದ ತಾಂಡಾಕ್ಕೆ ಹೋಗಿ ಜನರ ಜಗಳ ಬಿಡಿಸುತ್ತಿದ್ದರು, ಬುದ್ಧಿ ಹೇಳುತ್ತಿದ್ದರು.

ನಾವು ಎರಡನೇ ದಿನ ಹೊನ್ನಾಳಿ ಸೇತುವೆ ದಾಟಿದೆವು. ಕೆಳಗೆ ತುಂಗಭದ್ರೆ. ಸೇತುವೆ ಇಲ್ಲದ ಕಾಲದಲ್ಲಿ ತಾಂಡಾ ಹೊಳೆ ಹೇಗೆ ದಾಟುತ್ತಿತ್ತು ಅಂತ ನಾನು ಕಾಕಾನನ್ನು ಕೇಳಿದೆ. ಮಳೆಗಾಲದ ನಾಲ್ಕು ತಿಂಗಳು ತಾಂಡಾ ಹುಲ್ಲಿದ್ದ ಕಡೆ ಬೀಡು ಬಿಡುತ್ತಿತ್ತು. ಹೊಳೆ ಇಳಿದ ಮೇಲೆ ಹೊರಟು, ನೀರು ಕಡಿಮೆ ಇದ್ದ ಕಡೆ ಹಾಯ್ದು ಹೋಗುತ್ತಿದ್ದರು. ಆಳ ಇದ್ದರೆ ಹರಿಗೋಲು. ಬಿದಿರ ಸೀಳಿನಿಂದ ದುಂಡಗೆ ಬುಟ್ಟಿ ಹೆಣೆದು ಹೊರಗೆ ದನದ ಚರ್ಮ ಹೊದಿಸಿದರೆ ಹರಿಗೋಲು ಆಯಿತು. ಕಾಳಿನ ಗೋಣಿ ಮತ್ತು ಮಕ್ಕಳು ಹರಿಗೋಲಿನಲ್ಲಿ, ಎತ್ತುಗಳು ಈಜಿಕೊಂಡು. ದಡ ಮುಟ್ಟಿದ ಮೇಲೆ ಸಣ್ಣ ಹರಿಗೋಲನ್ನು ಒಬ್ಬನೇ ಆಮೆ ಚಿಪ್ಪಿನ ಹಾಗೆ ಬೆನ್ನ ಮೇಲೆ ಕವುಚಿಕೊಂಡು ನಡೆಯಬಹುದು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿದೆ. ಹಂಪಿಗೆ ಪ್ರವಾಸ ಹೋದವರು ನೋಡಿರುತ್ತೀರಿ.

ಇದೇ ಹೊಳೆಯನ್ನು 1800ರ ಜೂನ್ ತಿಂಗಳಲ್ಲಿ ಹರಿಹರದ ಹತ್ತಿರ ವೆಲ್ಲೆಸ್ಲಿಯ ಇಂಗ್ಲಿಷ್ ಸೈನ್ಯವೂ ಹರಿಗೋಲಿನಲ್ಲೇ ದಾಟಿತು ಅಂತ ಮೇಷ್ಟ್ರು ಹೇಳಿದರು. ಧೋಂಡಿಯ ವಾಘನನ್ನು ಹಿಡಿಯಲು ಹೊರಟ ಸೈನ್ಯ ಅದು. ಆ ಸೈನ್ಯಕ್ಕೆ ಕಾಳು ಒದಗಿಸಿದವರಲ್ಲಿ ಬಂಜಾರರೂ ಇದ್ದರು. ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೋರಿಸಿದರು. ಅಮೆರಿಕದ ಅಲಾಸ್ಕಾ ಎಂಬಲ್ಲಿ ಕಾಡು ಸುತ್ತುವವರು ಎರಡು ಮೂರು ಕಿಲೋ ತೂಕದ ಗಾಳಿ ದೋಣಿಯನ್ನು ಮಡಚಿ ಬೆನ್ನ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ನದಿ ಬಂದರೆ ಗಾಳಿ ತುಂಬಿಸಿ ದಾಟುತ್ತಾರೆ, ದಾಟಿ ಮತ್ತೆ ಮಡಚಿಕೊಂಡು ನಡೆಯುತ್ತಾರೆ. ಅದಕ್ಕೆ ಪ್ಯಾಕ್‌ರಾಫ್ಟ್ ಅಂತ ಹೆಸರು. ಅವರು ಖುಷಿಗಾಗಿ ನಡೆಯುತ್ತಾರೆ, ನಮ್ಮವರು ಹೊಟ್ಟೆಪಾಡಿಗೆ ನಡೆದರು. ಆದರೆ ಯುಕ್ತಿ ಒಂದೇ ಅಲ್ಲವೇ!

ಸೇತುವೆ ಮೇಲೆ ಜಗಳೂರು ಕಡೆಯ ಭಕ್ತರು ಸಿಕ್ಕರು. ಅವರು ನಮಗಿಂತ ಎಷ್ಟೋ ದಿನ ಮೊದಲೇ ಹೊರಟವರು. ಅವರಲ್ಲಿ ಒಬ್ಬ ಅಜ್ಜಿ ಬಹಳ ಹೊತ್ತು ಹೊಳೆಯನ್ನೇ ನೋಡುತ್ತಾ ನಿಂತಿದ್ದರು. ಅವರ ಊರಲ್ಲಿ ಬೋರು ಬತ್ತಿ ಟ್ಯಾಂಕರ್ ನೀರು ಕುಡಿಯುವ ದಿನಗಳೂ ಇದ್ದವಂತೆ. ಆಗ ನನಗೆ ಸೇವಾಲಾಲರ ಒಂದು ಮಾತು ನೆನಪಾಯಿತು. ಮುಂದೊಂದು ಕಾಲಕ್ಕೆ ನೀರನ್ನೂ ದುಡ್ಡು ಕೊಟ್ಟು ಕುಡಿಯಬೇಕಾಗುತ್ತದೆ ಅಂತ ಅವರು ಹೇಳಿದ್ದರಂತೆ. ದಾರಿಯಲ್ಲಿ ನಡೆಯುವವರಿಗೆ ನೀರಿನ ಬೆಲೆ ಗೊತ್ತಿರುತ್ತದೆ. ಎಲ್ಲವನ್ನೂ ಹಗುರ ಮಾಡಬಹುದು, ನೀರನ್ನು ಮಾತ್ರ ಹಗುರ ಮಾಡಲಾಗದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಭಾರ, ವಿಜ್ಞಾನದಲ್ಲಿ ಓದಿದ್ದೇವೆ. ಅದಕ್ಕೇ ಕೆರೆ ಬಾವಿ ಕೆಡಿಸಬೇಡಿ, ಮರ ಉಳಿಸಿ ಅಂತ ಅವರು ಜನರಿಗೆ ಬುದ್ಧಿ ಹೇಳಿದರು. ಕಳ್ಳತನ ಮಾಡಬಾರದು, ಸುಳ್ಳು ಹೇಳಬಾರದು, ಹೆಂಡ ಮುಟ್ಟಬಾರದು, ಹೆಣ್ಣುಮಕ್ಕಳನ್ನು ಗೌರವದಿಂದ ನೋಡಬೇಕು ಎಂಬುದೂ ಅವರ ಉಪದೇಶ.

ಸೇವಾಲಾಲರು ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದ ಕಡೆಯೆಲ್ಲಾ ಸಂಚಾರ ಮಾಡಿದರು. ಅವರ ಸಮಾಧಿ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೊಹರಾದೇವಿಯಲ್ಲಿದೆ. ಅಲ್ಲಿ 2024ರಲ್ಲಿ ಬಂಜಾರ ಜನರ ಪರಂಪರೆ ತೋರಿಸುವ ಒಂದು ದೊಡ್ಡ ವಸ್ತು ಸಂಗ್ರಹಾಲಯವೂ ಆಗಿದೆ. ನಾನು ಶಾಲೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆದೆ. ಸೂರಗೊಂಡನಕೊಪ್ಪದಿಂದ ಪೊಹರಾದೇವಿಗೆ ನೆಟ್ಟಗೆ ಗೆರೆ ಎಳೆದರೂ ಸುಮಾರು 700 ಕಿಲೋಮೀಟರು. ನಡುವೆ ಕೃಷ್ಣಾ ನದಿ ಮತ್ತು ಗೋದಾವರಿ ದಾಟಲೇಬೇಕು. ದಿನಕ್ಕೆ 10 ಕಿಲೋಮೀಟರಿನಂತೆ ನಡೆದರೆ 70 ದಿನ! ದಾರಿ ನೆಟ್ಟಗೆ ಇರುವುದಿಲ್ಲ, ಆದ್ದರಿಂದ ಇನ್ನೂ ಜಾಸ್ತಿ. ನಾನು ಮೂರು ದಿನಕ್ಕೇ ಬೊಬ್ಬೆ ಎಬ್ಬಿಸಿಕೊಂಡವನು.

ಸೇವಾಲಾಲರ ನಂತರ ಕಾಲ ಬದಲಾಯಿತು. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ಆಮೇಲೆ ರೈಲು ದಾರಿಗಳೂ ಗಾಡಿ ರಸ್ತೆಗಳೂ ಹೆಚ್ಚಾದವು. ಎತ್ತಿನ ಹೇರು ಯಾರಿಗೂ ಬೇಡವಾಯಿತು. ಸಾವಿರಾರು ವರ್ತಕರು ಒಮ್ಮೆಲೇ ಕೆಲಸ ಇಲ್ಲದವರಾದರು. 1871ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿ, ಅಲೆಮಾರಿ ಜನರಲ್ಲಿ ಎಷ್ಟೋ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸುತ್ತಾ ಹೋದರು. ಕೆಲವು ಪ್ರಾಂತ್ಯಗಳಲ್ಲಿ ಬಂಜಾರರೂ ಆ ಪಟ್ಟಿಯಲ್ಲಿದ್ದರು. ಒಂದು ಕಾಲಕ್ಕೆ ದೇಶಕ್ಕೆ ಉಪ್ಪು ತಂದುಕೊಟ್ಟವರಿಗೆ ಇಂಥ ಹೆಸರು ಬಂತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆ ಕಾನೂನು ಹೋಯಿತು. ಈಗ ನಮ್ಮ ಸರ್ಕಾರವೇ ಸೇವಾಲಾಲ ಜಯಂತಿ ಆಚರಿಸುತ್ತದೆ.

ಆದರೆ ನಡೆಯುವುದು ನಿಂತಿಲ್ಲ. ನಮ್ಮ ತಾಂಡಾದಿಂದ ದೀಪಾವಳಿ ಕಳೆದ ಮೇಲೆ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಕಾಫಿ ತೋಟಕ್ಕೆ, ಕೆಲವರು ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಹೋದ ವರ್ಷ ಹಾಗೆ ಹೋದವನು ಮೂರು ತಿಂಗಳು ಬರಲಿಲ್ಲ. ಬಂದಾಗ ಭಿನ್ನರಾಶಿಯ ಲೆಕ್ಕ ಮುಗಿದಿತ್ತು, ಅವನಿಗೆ ಏನೂ ತಿಳಿಯಲಿಲ್ಲ. ಕೆಲವರು ನಕ್ಕರು. ನಾನೂ ಸ್ವಲ್ಪ ನಕ್ಕಿದ್ದೆ, ಅದು ತಪ್ಪು. ಈ ವರ್ಷ ನಮ್ಮ ಯಾಡಿ ಮತ್ತು ಬಾಪು ಹೋಗುವ ಮಾತು ನಡೆದಿದೆ. ಯಾಡಿ ಅಂದರೆ ಅಮ್ಮ. ಪುಟ್ಟ ತಂಗಿಯನ್ನು ನೋಡಿಕೊಳ್ಳಲು ನಾನೂ ಹೋಗಬೇಕಾಗಬಹುದು. ನಾನು ಇಲ್ಲೇ ದಾದಿ ಜೊತೆ ಇರ್ತೀನಿ, ಶಾಲೆಗೆ ಹೋಗ್ತೀನಿ ಅಂತ ಹೇಳಿದ್ದೇನೆ. ಯಾಡಿ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಹೋಗಲೇಬೇಕಾದರೆ ಏನು ಒಯ್ಯಬೇಕು ಅಂತ ದಾದಿ ಹೇಳಿಕೊಟ್ಟ ಹಾಗೆ ಪಟ್ಟಿ ಮಾಡಿದ್ದೇನೆ. ಎರಡು ಜೊತೆ ಬಟ್ಟೆ, ಕೌದಿ, ಒಂದು ತಟ್ಟೆ, ಗಣಿತ ಪುಸ್ತಕ, ಸಮಾಜ ಪುಸ್ತಕ, ಎರಡು ನೋಟ್‌ಬುಕ್ಕು, ಪೆನ್ಸಿಲ್ಲು. ಚೆಂಡು ಬೇಡ. ಪುಸ್ತಕ ಭಾರ ಆಗುತ್ತದೆ ಅಂತ ಕಾಕಾ ಅಂದ. ಬೆನ್ನಿಗೆ ಅಂಟಿಸಿ ಇಟ್ಟುಕೊಳ್ತೀನಿ, ಭಾರ ಗೊತ್ತಾಗಲ್ಲ ಅಂತ ನಾನು ಹೇಳಿದೆ. ಮೇಷ್ಟ್ರಲ್ಲಿ ಒಂದು ವಿನಂತಿ. ಗುಳೆ ಹೋದವರು ವಾಪಸ್ ಬಂದಾಗ, ಮುಗಿದ ಪಾಠವನ್ನು ಸಾಯಂಕಾಲ ಒಂದು ಗಂಟೆ ಹೇಳಿಕೊಡಬೇಕು. ಗೆಳೆಯರಲ್ಲೂ ಒಂದು ವಿನಂತಿ. ನಿಮ್ಮ ನೋಟ್ಸ್ ಕೊಡಿ, ನಗಬೇಡಿ.

ನಮ್ಮ ಗೋರ್ ಬೋಲಿಗೆ ಅದರದೇ ಆದ ಲಿಪಿ ಇಲ್ಲ. ಸೇವಾಲಾಲರ ಕಥೆಯನ್ನು ನಮ್ಮ ಹಿರಿಯರು ರಾತ್ರಿ ನಗಾರಿ ಬಾರಿಸಿ ಹಾಡುತ್ತಾ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನೆನಪಿನಲ್ಲೇ ಹೊತ್ತುಕೊಂಡು ಬಂದರು. ಆ ಹೇರಿಗೆ ಎತ್ತು ಬೇಕಾಗಲಿಲ್ಲ. ನಾನು ಅದರಲ್ಲಿ ಸ್ವಲ್ಪವನ್ನು ಕನ್ನಡ ಅಕ್ಷರದಲ್ಲಿ ಈ ಗೋಡೆಗೆ ಇಳಿಸಿದ್ದೇನೆ.

ಸಹಪಾಠಿಗಳೇ, ಮುಂದಿನ ಫೆಬ್ರವರಿ 15ಕ್ಕೆ ನೀವೂ ಸೂರಗೊಂಡನಕೊಪ್ಪಕ್ಕೆ ಬನ್ನಿ. ನಡೆದುಕೊಂಡು ಬರುವುದಾದರೆ ನಿಮ್ಮ ಚೀಲ ನಾನು ಕಟ್ಟಿಕೊಡ್ತೀನಿ. ಬರೆದಿದ್ದರಲ್ಲಿ ತಪ್ಪಿದ್ದರೆ ಎಲ್ಲರೂ ಕ್ಷಮಿಸಬೇಕು. ಜೈ ಸೇವಾಲಾಲ್.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ